ಎತ್ತಿದ್ದು ಒಂದೇ ಕೈ

2015ರ ಆಗಸ್ಟ್ 6. ಅಮೆರಿಕದ ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರ. ಬ್ಯಾಸ್ಕೆಟ್‌ಬಾಲ್ ಆಡುವ ದೊಡ್ಡ ಒಳಾಂಗಣ ಕ್ರೀಡಾಂಗಣದಲ್ಲಿ ವೇದಿಕೆ ಹಾಕಿದ್ದಾರೆ. ವೇದಿಕೆ ಮೇಲೆ ಹತ್ತು ಜನ. ಹತ್ತೂ ಜನ ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಸ್ಥಾನದ ಟಿಕೆಟ್ ಕೇಳ್ತಿರುವವರು. ಫಾಕ್ಸ್ ನ್ಯೂಸ್ ನಿರೂಪಕ ಬ್ರೆಟ್ ಬೇಯರ್ ಶುರುವಿನಲ್ಲೇ ಒಂದು ಪ್ರಶ್ನೆ ಎಸೆದರು. ಪಕ್ಷ ಯಾರಿಗೇ ಟಿಕೆಟ್ ಕೊಟ್ಟರೂ ಅವರ ಪರ ಕೆಲಸ ಮಾಡ್ತೀನಿ, ಪಕ್ಷೇತರನಾಗಿ ನಿಲ್ಲಲ್ಲ ಅಂತ ಮಾತು ಕೊಡೋಕೆ ಆಗದವರು ಯಾರಾದರೂ ಇಲ್ಲಿದ್ದೀರಾ? ಇದ್ದರೆ ಕೈ ಎತ್ತಿ.

ಎತ್ತಿದ್ದು ಒಂದೇ ಕೈ. ಡೊನಾಲ್ಡ್ ಟ್ರಂಪ್.

ಸಭಾಂಗಣದಲ್ಲಿ ಕೂತಿದ್ದ ಪಕ್ಷದ ಜನ ಗೊಳ್ಳೋ ಅಂತ ಕೂಗಿದರು. ಪಕ್ಕದವರು ಮೂದಲಿಸಿದರು. ಆದರೆ ಆ ರಾತ್ರಿ ಟಿವಿ ಮುಂದೆ ಕೂತಿದ್ದವರು ಸುಮಾರು 2 ಕೋಟಿ 40 ಲಕ್ಷ ಜನ. ಅಮೆರಿಕದ ಕೇಬಲ್ ಟಿವಿಯಲ್ಲಿ ಅಷ್ಟೊಂದು ಜನ ಪ್ರೈಮರಿ ಚರ್ಚೆಯನ್ನು ಅದಕ್ಕೂ ಮೊದಲು ನೋಡಿರಲೇ ಇಲ್ಲ. ಅವರೆಲ್ಲ ಯಾಕೆ ನೋಡಿದರು ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ಆ ಕೈ ಎತ್ತಿದ ಮನುಷ್ಯನಿಗಾಗಿ.

ಸರಿಯಾಗಿ ಒಂದು ವರ್ಷ ತುಂಬುವ ಮೊದಲೇ, 2016ರ ಜುಲೈನಲ್ಲಿ, ಅದೇ ಕ್ರೀಡಾಂಗಣದಲ್ಲಿ ಅದೇ ಪಕ್ಷ ಅದೇ ಮನುಷ್ಯನಿಗೆ ಟಿಕೆಟ್ ಕೊಟ್ಟು ಬಲೂನು ಬಿಟ್ಟಿತು. ನಡುವಿನ ಹನ್ನೊಂದು ತಿಂಗಳಲ್ಲಿ ಏನಾಯ್ತು? ಲಿಂಕನ್ ಅವರ ಪಕ್ಷ ಅಂತ ಎದೆ ತಟ್ಟಿಕೊಳ್ಳುವ, ಗವರ್ನರ್‌ಗಳು, ಸೆನೆಟರ್‌ಗಳು, ಮಾಜಿ ಅಧ್ಯಕ್ಷರು ತುಂಬಿ ತುಳುಕುತ್ತಿದ್ದ ಪಕ್ಷಕ್ಕೆ ಒಬ್ಬ ಹೊರಗಿನವನನ್ನು ಬಾಗಿಲಲ್ಲೇ ನಿಲ್ಲಿಸೋಕೆ ಆಗಲಿಲ್ಲವಾ?

ಟ್ರಂಪ್ ಒಳ್ಳೆಯವರೋ ಕೆಟ್ಟವರೋ ಅನ್ನೋ ಚರ್ಚೆಯನ್ನು ಪಕ್ಕಕ್ಕಿಡೋಣ. ಅದನ್ನು ನಮ್ಮ ಸ್ಟುಡಿಯೋದಲ್ಲೇ ಬೇಕಾದಷ್ಟು ಮಾಡಿದ್ದೇವೆ. ನಾನಿಲ್ಲಿ ಹೇಳ್ತಿರೋದು ಪಕ್ಷದ ಕಥೆ.

ಮೊದಲು ಒಂದು ವಿಷಯ ಅರ್ಥ ಮಾಡ್ಕೋಬೇಕು. ನಮ್ಮಲ್ಲಿ ಟಿಕೆಟ್ ಅಂದರೆ ಬಿ ಫಾರಂ. ಹೈಕಮಾಂಡ್ ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ರಾತ್ರಿ ಒಬ್ಬನ ಹೆಸರು, ಬೆಳಗ್ಗೆ ಇನ್ನೊಬ್ಬನ ಹೆಸರು, ನಾಮಪತ್ರದ ಕೊನೇ ಗಳಿಗೆಯಲ್ಲಿ ಮೂರನೆಯವನ ಕೈಗೆ ಬಿ ಫಾರಂ. ಇದನ್ನೆಲ್ಲ ನಾವು ಪ್ರತಿ ಚುನಾವಣೆಯಲ್ಲೂ ಬ್ರೇಕಿಂಗ್ ನ್ಯೂಸ್ ಮಾಡಿದ್ದೇವೆ. ಅಮೆರಿಕದಲ್ಲೂ ಒಂದು ಕಾಲದಲ್ಲಿ ಹೆಚ್ಚೂಕಮ್ಮಿ ಹೀಗೇ ಇತ್ತು. 1920ರಲ್ಲಿ ವಾರನ್ ಹಾರ್ಡಿಂಗ್ ಹೆಸರನ್ನು ಶಿಕಾಗೋದ ಬ್ಲಾಕ್‌ಸ್ಟೋನ್ ಹೋಟೆಲ್ ರೂಮಿನಲ್ಲಿ, ಚುರುಟಿನ ಹೊಗೆ ನಡುವೆ ನಾಯಕರು ಕೂತು ತೀರ್ಮಾನಿಸಿದರು ಅನ್ನೋದು ಅಲ್ಲಿನ ಪ್ರಸಿದ್ಧ ಕಥೆ. 1968ರಲ್ಲಿ ಡೆಮಾಕ್ರಟಿಕ್ ಪಕ್ಷ ಒಂದೇ ಒಂದು ಪ್ರೈಮರಿಗೂ ನಿಲ್ಲದ ಹ್ಯೂಬರ್ಟ್ ಹಂಫ್ರಿಗೆ ಟಿಕೆಟ್ ಕೊಟ್ಟಿತು. ಶಿಕಾಗೋದ ಬೀದಿಯಲ್ಲಿ ಲಾಠಿ ಏಟು, ಅಶ್ರುವಾಯು. ಆಮೇಲೆ ನಿಯಮ ಬದಲಾಯ್ತು. ಮುಂದೆ ರಿಪಬ್ಲಿಕನ್ನರೂ ಅದೇ ದಾರಿ ಹಿಡಿದರು. ಟಿಕೆಟ್ ಯಾರಿಗೆ ಅಂತ ನಿರ್ಧರಿಸೋದು ರಾಜ್ಯ ರಾಜ್ಯಗಳಲ್ಲಿ ಸಾಮಾನ್ಯ ಮತದಾರರು. ಅವರ ಮತದ ಲೆಕ್ಕದ ಮೇಲೆ ಡೆಲಿಗೇಟ್‌ಗಳು, ಅಂದರೆ ಪಕ್ಷದ ಮಹಾಧಿವೇಶನದಲ್ಲಿ ಮತ ಹಾಕುವ ಪ್ರತಿನಿಧಿಗಳು. 2016ರಲ್ಲಿ ಇವರ ಒಟ್ಟು ಸಂಖ್ಯೆ 2,472. ಗೆಲ್ಲೋಕೆ ಬೇಕಾದದ್ದು 1,237.

ಅಂದರೆ ಅಲ್ಲಿ ಬಿ ಫಾರಂ ತಡೆಹಿಡಿಯುವ ಹೈಕಮಾಂಡ್ ಇಲ್ಲ. ಆದರೂ ನಾಯಕರ ಕೈಯಲ್ಲಿ ದುಡ್ಡಿತ್ತು, ಬೆಂಬಲ ಘೋಷಿಸುವ ಶಕ್ತಿ ಇತ್ತು, ನಿಯಮ ಬರೆಯುವ ಪೆನ್ನಿತ್ತು. ಆ ಪೆನ್ನಿನ ಕಥೆಗೆ ಆಮೇಲೆ ಬರ್ತೀನಿ. ಅಸಲಿ ಸ್ವಾರಸ್ಯ ಇರೋದೇ ಅಲ್ಲಿ.

2012ರಲ್ಲಿ ಮಿಟ್ ರಾಮ್ನಿ ಬರಾಕ್ ಒಬಾಮ ಎದುರು ಸೋತರು. ಹಿಸ್ಪಾನಿಕ್ ಮತದಾರರಲ್ಲಿ ರಾಮ್ನಿಗೆ ಸಿಕ್ಕಿದ್ದು ಬರೀ 27 ಪರ್ಸೆಂಟ್ ಅಂತ ಮತಗಟ್ಟೆ ಸಮೀಕ್ಷೆ ಹೇಳಿತು. ಪಕ್ಷದ ರಾಷ್ಟ್ರೀಯ ಸಮಿತಿ ಅಧ್ಯಕ್ಷ ರೀನ್ಸ್ ಪ್ರೀಬಸ್ ಐದು ಜನರ ತಂಡ ಮಾಡಿ ಆತ್ಮಾವಲೋಕನ ವರದಿ ಬರೆಸಿದರು. 2013ರ ಮಾರ್ಚ್‌ನಲ್ಲಿ ಬಂದ ಆ ವರದಿಯನ್ನು ಪತ್ರಕರ್ತರು ಕರೆದದ್ದು 'ಪೋಸ್ಟ್‌ಮಾರ್ಟಂ' ಅಂತ. ಸಾರಾಂಶ ಇಷ್ಟೇ: ವಲಸಿಗರ ಬಗ್ಗೆ ಮಾತು ಮೆತ್ತಗಾಗಬೇಕು, ವಲಸೆ ಕಾನೂನು ಸುಧಾರಣೆಗೆ ಒಪ್ಪಬೇಕು, ಮಹಿಳೆಯರನ್ನು, ಯುವಕರನ್ನು ಸೆಳೆಯಬೇಕು. ಇಲ್ಲದಿದ್ದರೆ ಪಕ್ಷಕ್ಕೆ ಭವಿಷ್ಯ ಇಲ್ಲ.

ವರದಿ ಚೆನ್ನಾಗಿತ್ತು. ಓದಿದವರೆಲ್ಲ ತಲೆದೂಗಿದರು. ಆದರೆ ಒಂದು ಎಡವಟ್ಟಾಗಿತ್ತು. ಪಕ್ಷಕ್ಕೆ ಮತ ಹಾಕದವರು ಯಾಕೆ ಹಾಕಲಿಲ್ಲ ಅಂತ ಕೇಳಿದ್ದರೇ ಹೊರತು, ಮತ ಹಾಕುತ್ತಿದ್ದವರ ಹೊಟ್ಟೆಯೊಳಗೆ ಏನು ಕುದೀತಿದೆ ಅಂತ ಕೇಳಿರಲಿಲ್ಲ. 2014ರ ಜೂನ್ 10ರಂದು ವರ್ಜೀನಿಯಾದಲ್ಲಿ ಎರಿಕ್ ಕ್ಯಾಂಟರ್ ಪ್ರೈಮರಿಯಲ್ಲೇ ಸೋತರು. ಯಾರವರು? ಸಂಸತ್ತಿನ ಕೆಳಮನೆಯಲ್ಲಿ ಪಕ್ಷದ ನಂಬರ್ ಟೂ, ಮುಂದಿನ ಸ್ಪೀಕರ್ ಅಂತಲೇ ಎಲ್ಲರೂ ಅಂದುಕೊಂಡಿದ್ದವರು. ಸೋಲಿಸಿದ್ದು ಡೇವ್ ಬ್ರಾಟ್ ಅನ್ನೋ ಅರ್ಥಶಾಸ್ತ್ರದ ಮೇಷ್ಟ್ರು. ಕ್ಯಾಂಟರ್ ಅವರಿಗಿಂತ ಹತ್ತಾರು ಪಟ್ಟು ಹೆಚ್ಚು ಖರ್ಚು ಮಾಡಿದ್ದರು. ಬ್ರಾಟ್ ಹಿಡಿದದ್ದು ವಲಸೆ ವಿಷಯ. ಗಂಟೆ ಅಷ್ಟು ಜೋರಾಗಿ ಹೊಡೆದಿತ್ತು, ಕೇಳಿಸಿಕೊಂಡವರು ಕಡಿಮೆ.

ಕೇಳಿಸಿಕೊಂಡವರಲ್ಲಿ ಒಬ್ಬರು ನ್ಯೂಯಾರ್ಕಿನ ಟ್ರಂಪ್ ಟವರ್‌ನಲ್ಲಿದ್ದರು. 2015ರ ಜೂನ್ 16ರಂದು ಎಸ್ಕಲೇಟರ್ ಇಳಿದು ಬಂದು ಸ್ಪರ್ಧೆ ಘೋಷಿಸಿದರು. ಮೊದಲ ಭಾಷಣದಲ್ಲೇ ಮೆಕ್ಸಿಕೋ ವಲಸಿಗರ ಮೇಲೆ ದಾಳಿ, ಗಡಿಗೆ ಗೋಡೆ ಕಟ್ತೀನಿ ಅನ್ನೋ ಮಾತು. ಪಕ್ಷದ ಪೋಸ್ಟ್‌ಮಾರ್ಟಂ ವರದಿ ಏನು ಬೇಡ ಅಂದಿತ್ತೋ, ಅದೆಲ್ಲ ಒಂದೇ ಉಸಿರಿನಲ್ಲಿ. ಈ ಮನುಷ್ಯ ಪಕ್ಷದವರಾ? ಹಿಂದೆ ಎಂಟು ವರ್ಷ ಡೆಮಾಕ್ರಟಿಕ್ ಪಕ್ಷದಲ್ಲಿ ಹೆಸರು ಬರೆಸಿದ್ದವರು, ಹಿಲರಿ ಕ್ಲಿಂಟನ್‌ಗೆ ದೇಣಿಗೆ ಕೊಟ್ಟವರು, 2005ರ ತಮ್ಮ ಮದುವೆಗೆ ಕ್ಲಿಂಟನ್ ದಂಪತಿಯನ್ನು ಕರೆದವರು. ಒಂದು ಚುನಾವಣೆ ಗೆದ್ದವರಲ್ಲ, ಒಂದು ಸರ್ಕಾರಿ ಹುದ್ದೆ ಕಂಡವರಲ್ಲ.

ಟಿಕೆಟ್ ರೇಸ್‌ನಲ್ಲಿ ಆಗ 17 ಜನ. ಎಲ್ಲರಿಗಿಂತ ಮುಂದೆ ಅಂದುಕೊಂಡಿದ್ದು ಜೆಬ್ ಬುಷ್. ಅಪ್ಪ ಅಧ್ಯಕ್ಷ, ಅಣ್ಣ ಅಧ್ಯಕ್ಷ, ತಾವು ಫ್ಲೋರಿಡಾದ ಮಾಜಿ ಗವರ್ನರ್. ಅವರ ಬೆಂಬಲಕ್ಕೆ ನಿಂತ ಸಂಘಟನೆ ಸಂಗ್ರಹಿಸಿದ್ದು 10 ಕೋಟಿ ಡಾಲರ್‌ಗೂ ಹೆಚ್ಚು. ಈ ದುಡ್ಡು ಎಲ್ಲಿ ಹೋಯ್ತು ಗೊತ್ತಾ? ಟ್ರಂಪ್ ವಿರುದ್ಧ ಖರ್ಚಾಗಿದ್ದು ಸ್ವಲ್ಪವೇ. ಬಹುಪಾಲು ದಾಳಿ ಜಾಹೀರಾತು ನಡೆದದ್ದು ಮಾರ್ಕೊ ರುಬಿಯೊ ಮೇಲೆ. ರುಬಿಯೊ ಅದೇ ಫ್ಲೋರಿಡಾದವರು, ಜೆಬ್ ಬುಷ್ ನೆರಳಲ್ಲೇ ಬೆಳೆದ ಹುಡುಗ.

ಲೆಕ್ಕಾಚಾರ ಹೀಗಿತ್ತು. ಟ್ರಂಪ್ ತಾನಾಗೇ ಬಿದ್ದು ಹೋಗ್ತಾರೆ. ಇವತ್ತಲ್ಲ ನಾಳೆ. ಹಾಗಾಗಿ ಅವರು ಬಿದ್ದಾಗ ಎರಡನೇ ಜಾಗದಲ್ಲಿ ನಾನಿರಬೇಕು. ಎಲ್ಲರೂ ಎರಡನೇ ಜಾಗಕ್ಕೆ ಕಿತ್ತಾಡಿದರು! ಟೆಡ್ ಕ್ರೂಜ್ ಅಂತೂ 2015 ಪೂರ್ತಿ ಟ್ರಂಪ್ ಅವರನ್ನು ಹೊಗಳುತ್ತಾ ಕೂತರು. ನಾಳೆ ಆ ಬೆಂಬಲಿಗರೆಲ್ಲ ತಮ್ಮ ಕಡೆ ಬರ್ತಾರೆ ಅನ್ನೋ ಆಸೆ. ನ್ಯೂ ಹ್ಯಾಂಪ್‌ಶೈರ್ ಮತದಾನಕ್ಕೆ ಮೂರು ದಿನ ಮೊದಲು, ಚರ್ಚೆಯಲ್ಲಿ ನ್ಯೂಜೆರ್ಸಿ ಗವರ್ನರ್ ಕ್ರಿಸ್ ಕ್ರಿಸ್ಟಿ ರುಬಿಯೊ ಅವರನ್ನು ಹಿಡಿದು ಜಾಡಿಸಿದರು. ರುಬಿಯೊ ಗಿಳಿಪಾಠ ಒಪ್ಪಿಸಿದ ಹಾಗೆ ಅದೇ ವಾಕ್ಯವನ್ನು ಮತ್ತೆ ಮತ್ತೆ ಹೇಳಿದರು, ಇಡೀ ದೇಶ ನಕ್ಕಿತು. ಕ್ರಿಸ್ಟಿಗೆ ಅದರಿಂದ ಏನು ಸಿಕ್ಕಿತು? ಆರನೇ ಸ್ಥಾನ. ಮರುದಿನ ಕಣದಿಂದ ಹೊರಗೆ. ಎರಡು ವಾರ ಕಳೆದ ಮೇಲೆ ಟ್ರಂಪ್ ಪಕ್ಕ ನಿಂತು ಬೆಂಬಲ ಘೋಷಣೆ.

ಬೆಕ್ಕಿಗೆ ಗಂಟೆ ಕಟ್ಟಬೇಕು ಅಂತ ಎಲ್ಲ ಇಲಿಗಳೂ ಒಪ್ಪಿದ್ದವು ಸ್ವಾಮಿ. ಪ್ರತಿ ಇಲಿಯೂ ಗಂಟೆಯನ್ನು ಪಕ್ಕದ ಇಲಿಯ ಕೈಗೆ ಕೊಡ್ತಿತ್ತು.

2016ರ ಫೆಬ್ರವರಿ 20, ಸೌತ್ ಕೆರೊಲಿನಾ. ಒಂದು ವಾರ ಮುಂಚೆ ಚರ್ಚೆಯಲ್ಲಿ ಟ್ರಂಪ್ ಒಂದು ಮಾತಾಡಿದ್ದರು. ಇರಾಕ್ ಯುದ್ಧ ದೊಡ್ಡ ತಪ್ಪು, ಜಾರ್ಜ್ ಬುಷ್ ಸರ್ಕಾರ ಸುಳ್ಳು ಹೇಳಿತು ಅಂತ. ಬುಷ್ ಕುಟುಂಬದ ಭದ್ರಕೋಟೆಯಂಥ ರಾಜ್ಯ, ಸೈನಿಕ ಕುಟುಂಬಗಳು ತುಂಬಿರುವ ರಾಜ್ಯ. ಸಭಾಂಗಣ ಬೂ ಅಂತ ಕೂಗಿತು. ನನ್ನಂಥ ನಿರೂಪಕರು, ಪಂಡಿತರು, ಎಲ್ಲರೂ ಷರಾ ಬರೆದರು: ಕಥೆ ಮುಗೀತು. ಫಲಿತಾಂಶ? ಟ್ರಂಪ್‌ಗೆ 32.5 ಪರ್ಸೆಂಟ್ ಮತ, ಮೊದಲ ಸ್ಥಾನ. ರಾಜ್ಯದ 50ಕ್ಕೆ 50 ಡೆಲಿಗೇಟ್‌ಗಳೂ ಅವರಿಗೇ. ಮೂರರಲ್ಲಿ ಎರಡು ಪಾಲು ಜನ ಬೇಡ ಅಂದಿದ್ದರು, ಆದರೆ ಆ ಎರಡು ಪಾಲು ಐದು ಜನರಲ್ಲಿ ಹಂಚಿ ಹೋಗಿತ್ತು. ಇದೇನು ನಮಗೆ ಹೊಸದಲ್ಲ. ಮತ ವಿಭಜನೆಯ ಲೆಕ್ಕ ನಮ್ಮ ಹಳ್ಳಿ ಕಟ್ಟೆ ಮೇಲೆ ಕೂತವರಿಗೂ ಗೊತ್ತು. ಆ ರಾತ್ರಿ ಜೆಬ್ ಬುಷ್ ಕಣ್ಣು ತುಂಬಿಕೊಂಡು ಕಣ ಬಿಟ್ಟರು. 10 ಕೋಟಿ ಡಾಲರ್‌ಗೆ ಸಿಕ್ಕಿದ್ದು ನಾಲ್ಕು ಡೆಲಿಗೇಟ್‌ಗಳು.

ಆದರೆ ಬರೀ ಮತ ವಿಭಜನೆ ಅಂತ ಹೇಳಿ ಕೈ ತೊಳೆದುಕೊಂಡರೆ ಅದು ಅರ್ಧ ಸತ್ಯ. ಏಪ್ರಿಲ್‌ನಲ್ಲಿ ನ್ಯೂಯಾರ್ಕ್, ಮೇ ತಿಂಗಳಲ್ಲಿ ಇಂಡಿಯಾನಾ, ಎರಡೂ ಕಡೆ ಟ್ರಂಪ್ ಅರ್ಧಕ್ಕಿಂತ ಹೆಚ್ಚು ಮತ ಪಡೆದರು. ಆ ಮತದಾರರಿಗೆ ತಮ್ಮದೇ ಪಕ್ಷದ ನಾಯಕರ ಮೇಲೆ ಸಿಟ್ಟಿತ್ತು. ನಾಯಕರು ಮುಕ್ತ ವ್ಯಾಪಾರ ಒಪ್ಪಂದ ಅಂತಿದ್ದರು, ಇವರ ಊರಿನ ಕಾರ್ಖಾನೆಗೆ ಬೀಗ ಬಿದ್ದಿತ್ತು. ನಾಯಕರು ಪಿಂಚಣಿ, ವೃದ್ಧರ ಆರೋಗ್ಯ ವಿಮೆಯ ಖರ್ಚು ಹಿಡಿತಕ್ಕೆ ತರಬೇಕು ಅಂತಿದ್ದರು, ಇವರು ಬದುಕುತ್ತಿದ್ದದ್ದೇ ಅದರ ಮೇಲೆ. ಇರಾಕಿಗೆ ಹೋದದ್ದು ಇವರ ಮಕ್ಕಳು. ಟ್ರಂಪ್ ಈ ಮೂರರಲ್ಲೂ ಪಕ್ಷದ ಅಧಿಕೃತ ನಿಲುವಿಗೆ ಉಲ್ಟಾ ಮಾತಾಡಿದರು. ಕೊಟ್ಟ ಮಾತು ಉಳಿಸಿಕೊಂಡರಾ ಅನ್ನೋದು ಬೇರೆ ವಿಷಯ. ಆ ಮಾತನ್ನು ವೇದಿಕೆ ಮೇಲೆ ಆಡುವ ಧೈರ್ಯ ಉಳಿದವರಿಗೆ ಇರಲಿಲ್ಲ ಅನ್ನೋದಂತೂ ನಿಜ.

ಇಲ್ಲಿ ನಮ್ಮ ಧಂದೆಯ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಅಪ್ರಾಮಾಣಿಕನಾಗ್ತೀನಿ. 2016ರ ಮಾರ್ಚ್ ಹೊತ್ತಿಗೆ ಟ್ರಂಪ್‌ಗೆ ಸಿಕ್ಕಿದ್ದ ಪುಕ್ಕಟೆ ಪ್ರಚಾರದ ಬೆಲೆ ಸುಮಾರು 200 ಕೋಟಿ ಡಾಲರ್ ಅಂತ ಒಂದು ಸಂಸ್ಥೆ ಲೆಕ್ಕ ಹಾಕಿತ್ತು. ಮಾರ್ಚ್ 15ರ ರಾತ್ರಿ ಡೆಮಾಕ್ರಟಿಕ್ ಪಕ್ಷದ ಬರ್ನಿ ಸ್ಯಾಂಡರ್ಸ್ ಭಾಷಣ ಮಾಡ್ತಿದ್ದಾಗ, ದೊಡ್ಡ ದೊಡ್ಡ ಚಾನೆಲ್‌ಗಳು ತೋರಿಸಿದ್ದು ಟ್ರಂಪ್ ಇನ್ನೂ ಬರಬೇಕಿದ್ದ ಖಾಲಿ ವೇದಿಕೆಯನ್ನು. ಖಾಲಿ ಮೈಕನ್ನು! ಸಿಬಿಎಸ್ ಮುಖ್ಯಸ್ಥ ಲೆಸ್ ಮೂನ್ವೆಸ್ ಹೂಡಿಕೆದಾರರ ಮುಂದೆ ಬಾಯಿ ಬಿಟ್ಟೇ ಹೇಳಿದರು, ಇದು ಅಮೆರಿಕಕ್ಕೆ ಒಳ್ಳೇದಲ್ಲದಿರಬಹುದು, ಸಿಬಿಎಸ್‌ಗಂತೂ ಭರ್ಜರಿ ಅಂತ. ಅದನ್ನು ಓದಿದಾಗ ನನಗೆ ನಗು ಬರಲಿಲ್ಲ. ಟಿಆರ್‌ಪಿ ಶೀಟು ನೋಡಿ ಎದೆ ಹಗುರಾದ ಗುರುವಾರಗಳು ನನ್ನ ಬದುಕಿನಲ್ಲೂ ಇವೆ.

ಇರಲಿ, ಪಕ್ಷಕ್ಕೆ ವಾಪಸ್ ಬರೋಣ. ಜನವರಿಯಲ್ಲಿ 'ನ್ಯಾಷನಲ್ ರಿವ್ಯೂ' ಅನ್ನೋ ಬಲಪಂಥೀಯ ಪತ್ರಿಕೆ 22 ಜನ ಚಿಂತಕರಿಂದ ಟ್ರಂಪ್ ವಿರುದ್ಧ ಬರೆಸಿ ವಿಶೇಷ ಸಂಚಿಕೆ ತಂದಿತು. ಪಕ್ಷದ ಸಮಿತಿ ಏನು ಮಾಡಿತು? ಆ ಪತ್ರಿಕೆಯನ್ನು ಚರ್ಚೆಯ ಪಾಲುದಾರಿಕೆಯಿಂದ ಕೈಬಿಟ್ಟಿತು. ಮಾರ್ಚ್ 3ರಂದು ಮಿಟ್ ರಾಮ್ನಿ ಯೂಟಾ ವಿಶ್ವವಿದ್ಯಾಲಯದಲ್ಲಿ ನಿಂತು, ಟ್ರಂಪ್ ಒಬ್ಬ ನಕಲಿ ಮನುಷ್ಯ, ಮೋಸಗಾರ ಅಂತ ಗುಡುಗಿದರು. ಫ್ಲೋರಿಡಾದಲ್ಲಿ ರುಬಿಯೊಗೆ ಹಾಕಿ, ಒಹಾಯೋದಲ್ಲಿ ಗವರ್ನರ್ ಜಾನ್ ಕೇಸಿಕ್‌ಗೆ ಹಾಕಿ, ಹೇಗಾದರೂ ತಡೆಯಿರಿ ಅಂದರು. ಕೇಳಿದ ಜನಕ್ಕೆ ನೆನಪಾದದ್ದು ಇನ್ನೊಂದು ದೃಶ್ಯ. 2012ರ ಫೆಬ್ರವರಿಯಲ್ಲಿ ಇದೇ ರಾಮ್ನಿ ಲಾಸ್ ವೇಗಸ್‌ಗೆ ಹೋಗಿ, ಟ್ರಂಪ್ ಹೋಟೆಲ್‌ನಲ್ಲಿ ನಿಂತು, ಇದೇ ಟ್ರಂಪ್ ಅವರ ಬೆಂಬಲವನ್ನು ಹಲ್ಲು ಕಿರಿದು ಸ್ವೀಕರಿಸಿದ್ದರು. ಒಬಾಮ ಜನನ ಪ್ರಮಾಣಪತ್ರದ ಬಗ್ಗೆ ಟ್ರಂಪ್ ಗುಲ್ಲೆಬ್ಬಿಸಿದ ಮೇಲಿನ ಮಾತಿದು. ಆವತ್ತು ಬೇಕಾಗಿದ್ದವರು ಇವತ್ತು ಬೇಡ ಅಂದರೆ ಮತದಾರ ನಂಬ್ತಾನಾ?

ಫ್ಲೋರಿಡಾದಲ್ಲಿ ರುಬಿಯೊ ತವರಲ್ಲೇ ಸೋತು ಮನೆಗೆ ಹೋದರು. ಒಹಾಯೋ ಮಾತ್ರ ಕೇಸಿಕ್ ಕೈಯಲ್ಲಿ ಉಳಿಯಿತು. ಏಪ್ರಿಲ್ ಕೊನೆಗೆ ಕ್ರೂಜ್ ಮತ್ತು ಕೇಸಿಕ್ ಒಂದು ಒಪ್ಪಂದಕ್ಕೆ ಬಂದರು. ಇಂಡಿಯಾನಾ ನಿನಗೆ, ಓರೆಗಾನ್ ಮತ್ತು ನ್ಯೂ ಮೆಕ್ಸಿಕೊ ನನಗೆ. ನಮ್ಮ ಭಾಷೆಯಲ್ಲಿ ಅಡ್ಜಸ್ಟ್‌ಮೆಂಟ್ ರಾಜಕಾರಣ. ಆದರೆ ಮರುದಿನವೇ ಕೇಸಿಕ್, ಇಂಡಿಯಾನಾದವರು ನನಗೇ ಮತ ಹಾಕಬೇಕು ಅಂದುಬಿಟ್ಟರು. ಒಪ್ಪಂದ ಅಲ್ಲಿಗೆ ನೆಲ ಕಚ್ಚಿತು. ಮೇ 3ರಂದು ಇಂಡಿಯಾನಾ ಗೆದ್ದ ಟ್ರಂಪ್ ಎದುರು ಆ ರಾತ್ರಿಯೇ ಕ್ರೂಜ್, ಮರುದಿನ ಕೇಸಿಕ್ ಶಸ್ತ್ರ ಕೆಳಗಿಟ್ಟರು.

ಈಗ ಪೆನ್ನಿನ ಕಥೆ.

2012ರಲ್ಲಿ ಪಕ್ಷದೊಳಗೆ ಇನ್ನೊಬ್ಬ ಬಂಡಾಯಗಾರರಿದ್ದರು, ಟೆಕ್ಸಾಸಿನ ರಾನ್ ಪಾಲ್. ಅವರ ಹುಡುಗರು ಬಹಳ ಚುರುಕು. ರಾಜ್ಯ ಸಮ್ಮೇಳನಗಳಿಗೆ ನುಗ್ಗಿ, ಮತದಾರರು ಬೇರೆಯವರಿಗೆ ಹಾಕಿದ್ದ ರಾಜ್ಯಗಳಲ್ಲೂ ಡೆಲಿಗೇಟ್ ಸ್ಥಾನ ಹಿಡಿಯುತ್ತಿದ್ದರು. ರಾಮ್ನಿ ಬಣಕ್ಕೆ ತಲೆನೋವು. ಟಾಂಪಾ ನಗರದ ಅಧಿವೇಶನದಲ್ಲಿ ನಿಯಮ ಬಿಗಿ ಮಾಡಿದರು. ಇನ್ನು ಮುಂದೆ ಡೆಲಿಗೇಟ್‌ಗಳು ತಮ್ಮ ರಾಜ್ಯದ ಪ್ರೈಮರಿ ಫಲಿತಾಂಶಕ್ಕೆ ಬದ್ಧ. ಕನಿಷ್ಠ ಎಂಟು ರಾಜ್ಯಗಳ ಡೆಲಿಗೇಟ್‌ಗಳಲ್ಲಿ ಬಹುಮತ ಇಲ್ಲದವರ ಹೆಸರೇ ಅಧಿವೇಶನದ ಮುಂದೆ ಬರುವಂತಿಲ್ಲ. ಆಮೇಲೆ ಪ್ರೀಬಸ್ ಕಾಲದಲ್ಲಿ ಪ್ರೈಮರಿ ವೇಳಾಪಟ್ಟಿಯನ್ನೂ ಬಿಗಿ ಮಾಡಿ, ಅಧಿವೇಶನವನ್ನು ಜುಲೈಗೆ ತಂದರು. ಮುಂದಿರುವವರು ಬೇಗ ಗೆದ್ದು ಮುಗಿಸಲಿ, ಒಳಜಗಳ ಎಳೆಯದಿರಲಿ ಅಂತ.

ಎಲ್ಲವೂ ಇನ್ನೊಬ್ಬ ರಾಮ್ನಿಗಾಗಿ, ಇನ್ನೊಬ್ಬ ಬುಷ್‌ಗಾಗಿ ಮಾಡಿದ್ದು. ಹೊರಗಿನವರು ಬಾರದಿರಲಿ ಅಂತ ಹಾಕಿದ ಬೇಲಿ. 2016ರಲ್ಲಿ ನೋಡಿದರೆ ಹೊರಗಿನವನು ಬೇಲಿಯ ಒಳಗಿದ್ದ, ಬೇಲಿ ಹಾಕಿದವರು ಹೊರಗಿದ್ದರು!

ಕೊಲರಾಡೊದಿಂದ ಬಂದ ಕೆಂಡಲ್ ಅನ್ರೂ ಅನ್ನೋ ಮಹಿಳಾ ಡೆಲಿಗೇಟ್ ಕೊನೆಯ ಯತ್ನಕ್ಕೆ ಕೈ ಹಾಕಿದರು. ಡೆಲಿಗೇಟ್‌ಗಳಿಗೆ ಆತ್ಮಸಾಕ್ಷಿ ಪ್ರಕಾರ ಮತ ಹಾಕುವ ಸ್ವಾತಂತ್ರ್ಯ ಕೊಡಿ ಅನ್ನೋದು ಅವರ ಬೇಡಿಕೆ. ನಿಯಮ ಸಮಿತಿಯಲ್ಲಿ 112 ಜನ. ಅದರಲ್ಲಿ 28 ಸಹಿ ಬಿದ್ದಿದ್ದರೆ ಸಾಕಿತ್ತು, ವಿಷಯ ಇಡೀ ಅಧಿವೇಶನದ ಮುಂದೆ ಬರುತ್ತಿತ್ತು. ಬೀಳಲಿಲ್ಲ. ಅವರನ್ನು ಸೋಲಿಸಲು ಟ್ರಂಪ್ ತಂಡದ ಜೊತೆ ಕೈ ಜೋಡಿಸಿದ್ದು ಪಕ್ಷದ ರಾಷ್ಟ್ರೀಯ ಸಮಿತಿಯವರೇ.

ಜುಲೈ 18, ಅಧಿವೇಶನದ ಮೊದಲ ದಿನ. ಬಂಡಾಯಗಾರರು ಇನ್ನೊಂದು ದಾರಿ ಹುಡುಕಿದ್ದರು. ಏಳು ರಾಜ್ಯಗಳ ಡೆಲಿಗೇಟ್‌ಗಳಲ್ಲಿ ಬಹುಮತ ಸಹಿ ಸಿಕ್ಕರೆ, ನಿಯಮಗಳ ಮೇಲೆ ರಾಜ್ಯವಾರು ಮತ ಎಣಿಕೆ ಮಾಡಲೇಬೇಕು. ಇವರು ಒಂಬತ್ತು ರಾಜ್ಯಗಳ ಸಹಿ ತಂದರು. ಸಭಾಧ್ಯಕ್ಷ ಪೀಠದಲ್ಲಿದ್ದ ಸಂಸದ ಸ್ಟೀವ್ ವೊಮ್ಯಾಕ್ ಧ್ವನಿಮತ ಕೇಳಿದರು, ಹೌದು ಅನ್ನುವವರು ಗೆದ್ದರು ಅಂತ ಘೋಷಿಸಿದರು. ಗದ್ದಲವೋ ಗದ್ದಲ. ಸ್ವಲ್ಪ ಹೊತ್ತು ಪೀಠದಲ್ಲಿ ಯಾರೂ ಇರಲಿಲ್ಲ. ವಾಪಸ್ ಬಂದ ವೊಮ್ಯಾಕ್ ಹೇಳಿದರು, ಒಂಬತ್ತರಲ್ಲಿ ಮೂರು ರಾಜ್ಯಗಳವರು ಸಹಿ ಹಿಂತೆಗೆದುಕೊಂಡಿದ್ದಾರೆ. ಉಳಿದದ್ದು ಆರು. ಬೇಕಾದದ್ದು ಏಳು. ಕೊಲರಾಡೊದವರು ಎದ್ದು ಹೊರನಡೆದರು. ಮರುದಿನ ಟ್ರಂಪ್ ಅಧಿಕೃತ ಅಭ್ಯರ್ಥಿ.

ಆ ಊರು ಇರುವುದು ಒಹಾಯೋದಲ್ಲಿ, ಆ ರಾಜ್ಯದ ಗವರ್ನರ್ ಆಗ ಕೇಸಿಕ್. ತಮ್ಮದೇ ರಾಜ್ಯದಲ್ಲಿ ನಡೆದ ತಮ್ಮದೇ ಪಕ್ಷದ ಅಧಿವೇಶನದ ಸಭಾಂಗಣಕ್ಕೆ ಅವರು ಕಾಲಿಡಲಿಲ್ಲ. ಬುಷ್ ಅಪ್ಪ-ಮಕ್ಕಳು ಬರಲಿಲ್ಲ, ರಾಮ್ನಿ ಬರಲಿಲ್ಲ, ಮೆಕೇನ್ ಬರಲಿಲ್ಲ. ಕ್ರೂಜ್ ಬಂದರು. ಹೆಂಡತಿಯ ರೂಪವನ್ನು ಹೀಯಾಳಿಸಿ, ಅಪ್ಪನನ್ನು ಕೆನಡಿ ಹಂತಕನ ಜೊತೆ ತಳುಕು ಹಾಕಿದ್ದ ಮನುಷ್ಯನ ಅಧಿವೇಶನದಲ್ಲಿ ನಿಂತು, ಆತ್ಮಸಾಕ್ಷಿಯಂತೆ ಮತ ಹಾಕಿ ಅಂದರು. ಟ್ರಂಪ್ ಹೆಸರು ಹೇಳಿ ಬೆಂಬಲ ಕೊಡಲಿಲ್ಲ. ಸಭೆ ಬೂ ಅಂತ ಕೂಗಿ ಅವರನ್ನು ಇಳಿಸಿತು. ಆ ಒಂದು ರಾತ್ರಿ ಕ್ರೂಜ್ ಬಗ್ಗೆ ನನಗೂ ಸ್ವಲ್ಪ ಗೌರವ ಬಂದಿತ್ತು ಅಂತ ಒಪ್ಪಿಕೊಳ್ತೀನಿ. ಎರಡು ತಿಂಗಳಿಗೆ ಅವರೂ ಬೆಂಬಲ ಘೋಷಿಸಿದರು.

ಸ್ಪೀಕರ್ ಪಾಲ್ ರಯಾನ್ ಅವರದು ಇನ್ನೊಂದು ಬಗೆ. ಮೇನಲ್ಲಿ ಬೆಂಬಲಿಸಲು ನಾನಿನ್ನೂ ಸಿದ್ಧನಿಲ್ಲ ಅಂದರು. ಜೂನ್‌ನಲ್ಲಿ ಬೆಂಬಲಿಸಿದರು. ಅದೇ ವಾರ ಟ್ರಂಪ್ ಒಬ್ಬ ನ್ಯಾಯಾಧೀಶರ ಮೆಕ್ಸಿಕನ್ ಮೂಲ ಎತ್ತಿ ಆಡಿದ ಮಾತು ಜನಾಂಗೀಯ ನಿಂದನೆಗೆ ಪಠ್ಯಪುಸ್ತಕದ ಉದಾಹರಣೆ ಅಂದರು, ಬೆಂಬಲ ಮಾತ್ರ ಹಿಂತೆಗೆಯಲಿಲ್ಲ. ಅಕ್ಟೋಬರ್ 7ರಂದು ಮಹಿಳೆಯರ ಬಗ್ಗೆ ಟ್ರಂಪ್ ಆಡಿದ್ದ ಹೊಲಸು ಮಾತಿನ ಹಳೇ ಟೇಪ್ ಹೊರಬಂದಾಗ, ಇನ್ನು ಅವರನ್ನು ಸಮರ್ಥಿಸಲ್ಲ ಅಂದರು. ಆಗಲೂ ಬೆಂಬಲ ವಾಪಸ್ ಇಲ್ಲ! ನವೆಂಬರ್ 8ರಂದು ಟ್ರಂಪ್ ಗೆದ್ದ ಮರುದಿನ ಅಭಿನಂದಿಸಿದವರಲ್ಲಿ ರಯಾನ್ ಮುಂಚೂಣಿಯಲ್ಲಿದ್ದರು. ಅದೇ ತಿಂಗಳ ಕೊನೆಗೆ ರಾಮ್ನಿ ನ್ಯೂಯಾರ್ಕಿನ ದುಬಾರಿ ಹೋಟೆಲ್‌ನಲ್ಲಿ ಟ್ರಂಪ್ ಜೊತೆ ಊಟಕ್ಕೆ ಕೂತರು, ವಿದೇಶಾಂಗ ಸಚಿವರ ಹುದ್ದೆ ಸಿಗಬಹುದು ಅಂತ. ಆ ಫೋಟೋದಲ್ಲಿ ಟ್ರಂಪ್ ಮುಖ ನೋಡಿ, ರಾಮ್ನಿ ಮುಖ ನೋಡಿ. ಹುದ್ದೆ ಬೇರೆಯವರ ಪಾಲಾಯ್ತು.

ಅಂತೂ ಪಕ್ಷ ಬಿಟ್ಟು ಹೋದವರು ಯಾರೂ ಇರಲಿಲ್ಲವಾ? ಇದ್ದರು. ಪೋಸ್ಟ್‌ಮಾರ್ಟಂ ವರದಿ ಬರೆದ ಐವರಲ್ಲಿ ಒಬ್ಬರಾದ, ಜೆಬ್ ಬುಷ್ ಅವರ ಆಪ್ತ ಸಲಹೆಗಾರ್ತಿ ಸ್ಯಾಲಿ ಬ್ರ್ಯಾಡ್‌ಶಾ 2016ರ ಆಗಸ್ಟ್‌ನಲ್ಲೇ ಪಕ್ಷಕ್ಕೆ ವಿದಾಯ ಹೇಳಿದರು.

ಆ ವರದಿ ಬರೆಸಿದ್ದ ಪ್ರೀಬಸ್? ಅವರ ಮಾತು ಬಾಕಿ ಇದೆ. ಕೈ ಎತ್ತಿದ ಟ್ರಂಪ್ ಬಳಿಗೆ 2015ರ ಸೆಪ್ಟೆಂಬರ್ 3ರಂದು ಟ್ರಂಪ್ ಟವರ್‌ಗೇ ಹೋಗಿ, ಪಕ್ಷನಿಷ್ಠೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡು ಬಂದವರು ಅವರು. ಟ್ರಂಪ್ ಅದನ್ನು ಕ್ಯಾಮೆರಾಗಳ ಮುಂದೆ ಎತ್ತಿ ಹಿಡಿದು ತೋರಿಸಿದ್ದರು. 2016ರ ಮಾರ್ಚ್ ಕೊನೆಗೆ ಆ ಮಾತು ಇನ್ನು ಲೆಕ್ಕಕ್ಕಿಲ್ಲ ಅಂತ ಟಿವಿಯಲ್ಲೇ ಹೇಳಿದರು. ಅಷ್ಟರಲ್ಲಿ ಕಾಗದ ತನ್ನ ಕೆಲಸ ಮಾಡಿ ಮುಗಿಸಿತ್ತು. ಉಳಿದ ಹದಿನಾರು ಜನರನ್ನು ಅದು ಕಟ್ಟಿಹಾಕಿತ್ತು, ಪಕ್ಷ ಯಾರನ್ನೂ ಹೊರಗಿನವರು ಅನ್ನಲಾರದ ಹಾಗೆ ಮಾಡಿತ್ತು.

2017ರ ಜನವರಿಯಲ್ಲಿ ಪ್ರೀಬಸ್ ಶ್ವೇತಭವನದ ಮುಖ್ಯ ಅಧಿಕಾರಿಯಾದರು. ಆರು ತಿಂಗಳು ಕಳೆಯಿತು. ಜುಲೈ 28ರ ಸಂಜೆ, ನ್ಯೂಯಾರ್ಕ್ ಕಡೆಯಿಂದ ಅಧ್ಯಕ್ಷರ ವಿಮಾನದಲ್ಲೇ ವಾಷಿಂಗ್ಟನ್ ಹೊರವಲಯದ ವಾಯುನೆಲೆಗೆ ವಾಪಸ್ ಬಂದರು. ಮಳೆ ಸುರೀತಿತ್ತು. ಅವರ ಜಾಗಕ್ಕೆ ಜಾನ್ ಕೆಲ್ಲಿ ಬಂದಿದ್ದಾರೆ ಅಂತ ಟ್ರಂಪ್ ಟ್ವೀಟ್ ಮಾಡಿದರು. ಅಧ್ಯಕ್ಷರ ವಾಹನಗಳ ಸಾಲಿನಿಂದ ಪ್ರೀಬಸ್ ಕೂತಿದ್ದ ಕಪ್ಪು ಕಾರು ಬೇರೆಯಾಗಿ, ಇನ್ನೊಂದು ದಾರಿ ಹಿಡಿದು ಹೋಯಿತು.